ಟಾಕೀಸ್ ಕೆಡವೋ ಮುಂಚೆ ಒಮ್ಮೆ ಚೌಪಾಟಿ ಕಡೆ ನೋಡಿ

ಕಡೂರು, ತರೀಕೆರೆ, ಅಜ್ಜಂಪುರ ಕಡೆಯವರಿಗೆ ಸಮುದ್ರ ಅಂದ್ರೆ ಘಟ್ಟ ಇಳಿದ ಮೇಲಿನ ಮಾತು. ನಮಗೆ ದೊಡ್ಡ ನೀರು ಅಂದ್ರೆ ಅಯ್ಯನಕೆರೆ, ಮದಗದ ಕೆರೆ. ಆದ್ರೂ ಈ ವಾರ ಸಮುದ್ರದ ಹತ್ತಿರದ ಒಂದು ಹಳೇ ಕಟ್ಟಡದ ಕಥೆ ಹೇಳ್ತೀನಿ. ಕಾರಣ ಇದೆ. ನಮ್ಮ ಮೂರೂ ಊರಿನವರು ಬಸ್ ಸ್ಟ್ಯಾಂಡ್ ಕಡೆ ಹೋಗುವಾಗ ಒಂದಲ್ಲ ಒಂದು ಮುಚ್ಚಿದ ಟಾಕೀಸಿನ ಗೋಡೆ ದಾಟಿರ್ತೀವಿ. ಅರ್ಧ ಹರಿದ ಪೋಸ್ಟರ್, ತುಕ್ಕು ಹಿಡಿದ ಕಬ್ಬಿಣದ ಗೇಟು, ಟಿಕೆಟ್ ಕೊಡುತ್ತಿದ್ದ ಆ ಸಣ್ಣ ಕಿಂಡಿ. ಅದರ ಮುಂದೆ ಈಗ ಪಾನಿಪುರಿ ಗಾಡಿ.

ಇಂಥ ಕಟ್ಟಡಕ್ಕೆ ಎರಡೇ ದಾರಿ ಅಂತ ಎಲ್ಲರೂ ಅಂದ್ಕೊಂಡಿದ್ದೀವಿ: ಒಂದೋ ಹಾಗೇ ಬಿದ್ದು ಹೋಗೋದು, ಇಲ್ಲಾ ಕೆಡವಿ ಕಾಂಪ್ಲೆಕ್ಸ್ ಕಟ್ಟೋದು. ಮೂರನೇ ದಾರಿ ಹಿಡಿದ ಒಂದು ಕಟ್ಟಡ ಮುಂಬೈಯಲ್ಲಿದೆ.

ಚಾರ್ನಿ ರೋಡಿನ ಪಕ್ಕ

ಲೋಕಲ್ ಟ್ರೈನಿನಲ್ಲಿ ಚಾರ್ನಿ ರೋಡ್ ಸ್ಟೇಷನ್ನಿನಲ್ಲಿ ಇಳಿದರೆ ಒಂದು ಕಡೆ ಗಿರ್‌ಗಾಂವ್ ಚೌಪಾಟಿಯ ಮರಳು, ಭೇಲ್‌ಪುರಿ, ಸಮುದ್ರದ ಗಾಳಿ. ಇನ್ನೊಂದು ಕಡೆ ಸ್ವಲ್ಪ ದೂರ ನಡೆದರೆ ರಾಯಲ್ ಒಪೆರಾ ಹೌಸ್. ಆ ಇಡೀ ಬಡಾವಣೆಗೇ 'ಒಪೆರಾ ಹೌಸ್' ಅಂತ ಹೆಸರು. ಕಟ್ಟಡ ಬಾಗಿಲು ಹಾಕಿಕೊಂಡಿದ್ದ ವರ್ಷಗಳಲ್ಲೂ ಜನ ವಿಳಾಸ ಹೇಳುವಾಗ ಆ ಹೆಸರನ್ನೇ ಹೇಳುತ್ತಿದ್ದರು. ನಮ್ಮಲ್ಲೂ ಹಾಗೇ ಅಲ್ವಾ? ಟಾಕೀಸ್ ಮುಚ್ಚಿ ಎಷ್ಟೋ ವರ್ಷವಾದರೂ 'ಟಾಕೀಸ್ ಹತ್ರ ಇಳಿಸಿ' ಅಂತಲೇ ಆಟೋದವರಿಗೆ ಹೇಳೋದು.

ಕಲ್ಕತ್ತೆಯಿಂದ ನಾಟಕ ಕಂಪನಿಗಳನ್ನು ನಡೆಸುತ್ತಿದ್ದ ಮಾರಿಸ್ ಬ್ಯಾಂಡ್‌ಮನ್, ಕಲ್ಲಿದ್ದಲು ದಲ್ಲಾಳಿ ವ್ಯಾಪಾರದ ಜಹಾಂಗೀರ್ ಫ್ರಾಮ್‌ಜಿ ಕರಾಕಾ – ಇಬ್ಬರೂ ಸೇರಿ ಇದನ್ನು ಕಟ್ಟಿಸಿದ್ದು. ಅಡಿಪಾಯ ಬಿದ್ದದ್ದು 1909ರಲ್ಲಿ. 1911ರಲ್ಲಿ ಐದನೇ ಜಾರ್ಜ್ ದೊರೆ ಮುಂಬೈಗೆ ಬಂದಾಗ ಕೆಲಸ ಇನ್ನೂ ಮುಗಿದಿರಲಿಲ್ಲ, ಆದರೂ ಅವನ ಕೈಯಲ್ಲೇ ಉದ್ಘಾಟನೆ ಮಾಡಿಸಿಬಿಟ್ಟರು. ಅರ್ಧ ಕಟ್ಟಿದ್ದನ್ನು ಉದ್ಘಾಟಿಸುವ ಪದ್ಧತಿ ನಮ್ಮ ಕಾಲದ್ದು ಅಂದ್ಕೊಂಡಿದ್ದೆ, ಅದಕ್ಕೂ ನೂರು ವರ್ಷದ ಇತಿಹಾಸ ಇದೆ ನೋಡಿ. ಕಟ್ಟಡ ಪೂರ್ತಿಯಾದದ್ದು 1912ರಲ್ಲಿ.

ಒಳಗೆ ಬರೋಕ್ ಶೈಲಿ. ಅಂದರೆ ಖಾಲಿ ಜಾಗ ಕಂಡರೆ ಸಾಕು, ಅಲ್ಲೊಂದು ಬಳ್ಳಿ, ಒಂದು ಬೊಂಬೆ, ಸ್ವಲ್ಪ ಚಿನ್ನದ ಬಣ್ಣ. ಸಸೂನ್ ಮನೆತನದವರು ಕೊಟ್ಟ ಸ್ಫಟಿಕದ ತೂಗುದೀಪಗಳು. ಸಭಾಂಗಣದ ಮೇಲಿನ ಗುಮ್ಮಟವನ್ನು ಎಂಟು ಭಾಗ ಮಾಡಿ, ಕವಿಗಳಿಗೆ, ಕಾದಂಬರಿಕಾರರಿಗೆ, ನಾಟಕಕಾರರಿಗೆ ಗೌರವ ಸಲ್ಲಿಸಿದ್ದಾರೆ. ಮೈಕ್ ಇಲ್ಲದ ಕಾಲದಲ್ಲಿ ಹಾಡುವವರ ದನಿ ಮೇಲಿನ ಗ್ಯಾಲರಿಯಲ್ಲಿ ಕೂತವರಿಗೂ ಸ್ಪಷ್ಟವಾಗಿ ಕೇಳಬೇಕಿತ್ತು. ಅದಕ್ಕೇ ಚಾವಣಿಯನ್ನು ಹಾಗೆ ರೂಪಿಸಿದ್ದು.

ಹೆಸರು ಒಪೆರಾ ಹೌಸ್ ಆದರೂ ಅಲ್ಲಿ ಒಪೆರಾಕ್ಕಿಂತ ನಮ್ಮ ನಾಟಕದವರ ಸದ್ದು ಕಡಿಮೆಯೇನಿರಲಿಲ್ಲ. ಬಾಲಗಂಧರ್ವರು, ಮಾಸ್ಟರ್ ದೀನಾನಾಥ್ ಮಂಗೇಶ್ಕರ್, ಪೃಥ್ವಿರಾಜ್ ಕಪೂರ್ ಎಲ್ಲರೂ ಆ ರಂಗದ ಮೇಲೆ ನಿಂತವರು.

ಇಲ್ಲಿ ನಮ್ಮ ಪಾಲೂ ಒಂದಿಷ್ಟಿದೆ. ಬಾಲಗಂಧರ್ವರು ಬೆಳೆದದ್ದು ಕಿರ್ಲೋಸ್ಕರ್ ನಾಟಕ ಮಂಡಳಿಯಲ್ಲಿ. ಆ ಮಂಡಳಿ ಕಟ್ಟಿ ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅದಕ್ಕೂ ಹಿಂದೆ, ಹೊನ್ನಾವರದ ಹತ್ತಿರದ ಕರ್ಕಿಯಿಂದ ಹೋದ ಭಾಗವತರ ಮೇಳದ ಆಟ ನೋಡಿಯೇ ಸಾಂಗ್ಲಿಯ ವಿಷ್ಣುದಾಸ ಭಾವೆ 1843ರಲ್ಲಿ ಮೊದಲ ಮರಾಠಿ ನಾಟಕ ಆಡಿಸಿದ್ದು. ಅಂದರೆ ಕರಾವಳಿಯ ಬಯಲಲ್ಲಿ ದೀವಟಿಗೆ ಬೆಳಕಲ್ಲಿ ಶುರುವಾದ ಆಟವೊಂದು, ಸುತ್ತಿ ಸುತ್ತಿ, ಸಸೂನ್ ದೀಪಗಳ ಕೆಳಗೂ ಬಂದು ನಿಂತಿತು.

ಬಾಗಿಲು ಬಿದ್ದ 23 ವರ್ಷ

ಮುಂದಿನ ಕಥೆ ನಮ್ಮ ಊರಿನದ್ದೂ ಹೌದು. ಸಿನಿಮಾ ಬಂತು. ನಾಟಕದ ಮನೆ ನಿಧಾನಕ್ಕೆ ಚಿತ್ರಮಂದಿರವಾಯಿತು. ತೆರೆ ಕಾಣಬೇಕಲ್ಲ, ಅದಕ್ಕೆ ಅಡ್ಡ ಬಂದದ್ದೆಲ್ಲ ಬದಲಾಯಿತು. 1930ರ ದಶಕದ ಹೊಸ ಫ್ಯಾಷನ್ನಿಗೆ ತಕ್ಕಂತೆ ಒಳಗಿನ ಅಲಂಕಾರವೂ ಬದಲಾಯಿತು. 1952ರಲ್ಲಿ ಸೌರಾಷ್ಟ್ರದ ಗೊಂಡಲ್ ರಾಜಮನೆತನ ಕಟ್ಟಡವನ್ನು ಕೊಂಡಿತು. ಆಮೇಲೆ ಟಿವಿ, ವಿಡಿಯೋ, ಕೇಬಲ್. 1993ರಲ್ಲಿ ಬಾಗಿಲು ಮುಚ್ಚಿತು.

ಮುಚ್ಚಿದ ಕಟ್ಟಡ ಇದ್ದ ಹಾಗೇ ಇರುತ್ತೆ ಅನ್ನೋದು ದೊಡ್ಡ ಭ್ರಮೆ. ಜನ ಓಡಾಡುವ ಮನೆಯಲ್ಲಿ ಒಂದು ಹೆಂಚು ಒಡೆದರೆ ಅವತ್ತೇ ಬಕೆಟ್ ಇಡ್ತೀವಿ, ಮಾರನೇ ದಿನ ಗಾರೆಯವರನ್ನು ಕರೀತೀವಿ. ಬೀಗ ಹಾಕಿದ ಕಟ್ಟಡದಲ್ಲಿ ಆ ಹೆಂಚು ಮೂರು ಮಳೆಗಾಲ ಹಾಗೇ ಇರುತ್ತೆ. ನೀರು ಇಳಿದು ಮರದ ತೊಲೆ ಕೊಳೆಯುತ್ತೆ, ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತೆ, ಉಬ್ಬಿದ ಕಬ್ಬಿಣ ಗೋಡೆಯನ್ನೇ ಸೀಳುತ್ತೆ. ಸೀಳಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಗಿಡ. ಸಮುದ್ರದ ಪಕ್ಕ ಆದರೆ ಉಪ್ಪು ಗಾಳಿಯಿಂದ ಇದೆಲ್ಲ ಇನ್ನೂ ಬೇಗ. 2012ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಒಪೆರಾ ಹೌಸನ್ನು ತನ್ನ 'ಕಾಳಜಿ ಬೇಕಾದ ತಾಣ'ಗಳ ಪಟ್ಟಿಗೆ ಸೇರಿಸಿತು.

ಗಮನಿಸಿ, ಆ ಬೀದಿ ಒಂದು ಕಾಲಕ್ಕೆ ಮುಂಬೈ ವಜ್ರ ವ್ಯಾಪಾರದ ಕೇಂದ್ರ. ಅಲ್ಲಿ ಒಂದು ಚದರಡಿಯ ಬೆಲೆ ಯೋಚಿಸಿ. ಕೆಡವಲು ಇದಕ್ಕಿಂತ ದೊಡ್ಡ ಆಸೆ ಯಾವ ಮಾಲೀಕನಿಗೂ ಬರಲಾರದು. ಆದರೆ 1995ರಲ್ಲೇ ಮುಂಬೈಯಲ್ಲಿ ಪಾರಂಪರಿಕ ಕಟ್ಟಡಗಳಿಗೆ ನಿಯಮ ಬಂದಿತ್ತು. ಜೊತೆಗೆ ಗೊಂಡಲ್ ಮನೆಯವರಿಗೂ ಅದನ್ನು ಉಳಿಸುವ ಮನಸ್ಸಿತ್ತು. ನನಗನ್ನಿಸೋದು, ಇವೆರಡರಲ್ಲಿ ಒಂದು ಇಲ್ಲದಿದ್ದರೂ ಇವತ್ತು ಅಲ್ಲೊಂದು ಗಾಜಿನ ಕಟ್ಟಡ ಇರುತ್ತಿತ್ತು.

2008ರಲ್ಲಿ ಕೆಲಸ ಶುರು. ವಹಿಸಿಕೊಂಡದ್ದು ಸಂರಕ್ಷಣಾ ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ. ಹಿಡಿದದ್ದು ಎಂಟು ವರ್ಷ. ಮೊದಲು ಕಟ್ಟಡ ಗಟ್ಟಿಯಾಗಿ ನಿಲ್ಲುವ ಹಾಗೆ ಮಾಡಿದರು, ಸೋರಿಕೆ ನಿಲ್ಲಿಸಿದರು, ಬಣ್ಣ-ಬಂಗಾರ ಎಲ್ಲಾ ಆಮೇಲೆ. ನಾವು ಮನೆ ರಿಪೇರಿಗೆ ಕೈ ಹಾಕಿದರೆ ಮೊದಲು ಮಾಡೋದೇ ಪೇಂಟಿಂಗು!

ಇನ್ನೊಂದು ವಿಷಯ ನನಗೆ ಬಹಳ ಇಷ್ಟವಾಯಿತು. ಸಿನಿಮಾ ಕಾಲದಲ್ಲಿ ಕಿತ್ತು ಹಾಕಿದ್ದು ಮೂಲದಲ್ಲಿ ಹೇಗಿತ್ತು ಅಂತ ತಿಳಿಯಲು ಅವರಿಗೆ ನೆರವಾದದ್ದು ಹಳೆಯ ಫೋಟೋಗಳು. ಯಾರೋ, ಯಾವತ್ತೋ, ಯಾವುದೋ ಬೇರೆ ಕಾರಣಕ್ಕೆ ತೆಗೆದಿಟ್ಟ ಚಿತ್ರಗಳು.

2016ರ ಅಕ್ಟೋಬರಿನಲ್ಲಿ ಬಾಗಿಲು ತೆರೆಯಿತು. ಮುಂಬೈಯಲ್ಲೇ ಹುಟ್ಟಿದ ಗಾಯಕಿ ಪೆಟ್ರೀಷಿಯಾ ರೊಜಾರಿಯೋ ಹಾಡಿದರು. ಮುಂಬೈ ಚಿತ್ರೋತ್ಸವದ ಉದ್ಘಾಟನೆಯೂ ಅಲ್ಲೇ ನಡೆಯಿತು. ಮರುವರ್ಷ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಸಂರಕ್ಷಣಾ ಪ್ರಶಸ್ತಿಗಳಲ್ಲಿ ಇದಕ್ಕೂ ಒಂದು ಬಂತು. ಸಂಗೀತ, ನಾಟಕ, ಸಿನಿಮಾ ಎಲ್ಲಕ್ಕೂ ಜಾಗ. ಕಟ್ಟಿದ್ದು ಯಾವುದಕ್ಕೋ ಅದೇ ಕೆಲಸಕ್ಕೆ ವಾಪಸ್ ಬಂತು. ಇಂಥದ್ದು ಅಪರೂಪ.

'ಅದು ಮುಂಬೈ ಮಾರಾಯ'

ಈ ಕಥೆಯನ್ನು ನನ್ನ ಹೈಸ್ಕೂಲ್ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. ನಮ್ಮ ಈ ಮೂರು ಊರುಗಳಲ್ಲೊಂದರಲ್ಲಿ ಅವನ ತಾತ ಕಟ್ಟಿಸಿದ ಟಾಕೀಸ್ ಇದೆ. ಊರಿನ ಹೆಸರು ಹಾಕಬೇಡ ಅಂದಿದ್ದಾನೆ. ಮುಚ್ಚಿ ವರ್ಷಗಳೇ ಆದವು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ, ಒಬ್ಬರು ಅತ್ತೆ – ನಾಲ್ಕು ಪಾಲು. ಬಿಲ್ಡರ್ ಒಬ್ಬರು ಬಂದು ಕೆಳಗೆ ಮಳಿಗೆ, ಮೇಲೆ ಲಾಡ್ಜ್ ಅಂತ ಪ್ಲಾನ್ ತೋರಿಸಿ ಹೋಗಿದ್ದಾರೆ.

'ಅದು ಮುಂಬೈ ಮಾರಾಯ. ಅವರು ಮಹಾರಾಜರು. ನಮ್ಮಪ್ಪನಿಗೆ ಬಿಪಿ, ಶುಗರ್ರು, ಮೇಲೆ ಟಾಕೀಸಿನ ಕಂದಾಯ' ಅಂದ.

ಇದಕ್ಕೆ ನನ್ನ ಹತ್ರ ಥಟ್ಟನೆ ಉತ್ತರ ಇರಲಿಲ್ಲ. ಪರಂಪರೆ, ನೆನಪು ಅಂತ ಮಾತಾಡೋದು ಬೆಂಗಳೂರಿನಲ್ಲಿ ಕೂತ ನನಗೆ ಸುಲಭ. ಆ ಗೋಡೆ ಬಿದ್ದರೆ ಕೇಸು ಬೀಳೋದು ಅವರ ಮೇಲೆ. ಟಾಕೀಸು ಉಳಿಯಲಿ ಅನ್ನುವವರೆಲ್ಲ ಒಂದು ಕಾಲದಲ್ಲಿ ಅಲ್ಲಿ ಟಿಕೆಟ್ ತಗೊಂಡವರು ಅಷ್ಟೇ, ಅದರ ನಷ್ಟದಲ್ಲಿ ಪಾಲು ತಗೊಂಡವರಲ್ಲ.

ದೊಡ್ಡ ಊರಿನಲ್ಲಿ ಇದ್ದ ಮಾತ್ರಕ್ಕೆ ಕಟ್ಟಡ ಉಳಿಯುತ್ತೆ ಅಂತಲೂ ಇಲ್ಲ. ಬೆಂಗಳೂರಿನ ಗಾಂಧಿನಗರದ ಕಪಾಲಿ ಹೋಯಿತು. 1968ರಲ್ಲಿ ಶುರುವಾದ ಅಂಥ ದೊಡ್ಡ ಥಿಯೇಟರ್. ಸ್ಯಾಂಕಿ ರಸ್ತೆಯ ಕಾವೇರಿ 2024ರಲ್ಲಿ ಮುಚ್ಚಿತು.

ಉಳಿದದ್ದೂ ಒಂದಿದೆ, ಅದೂ ಒಪೆರಾ ಹೌಸೇ. ಬ್ರಿಗೇಡ್ ರೋಡ್, ರೆಸಿಡೆನ್ಸಿ ರೋಡ್ ಕೂಡುವ ಮೂಲೆಯಲ್ಲಿ ನೀವು ಸೆಲ್ಫಿ ತೆಗೆದುಕೊಂಡಿರಬಹುದು. ಬ್ರಿಟಿಷರ ಕಾಲದ ದಂಡು ಪ್ರದೇಶದ ನಾಟಕಶಾಲೆ ಅದು, ಆಮೇಲೆ ಸಿನಿಮಾ, ಆಮೇಲೆ ಬಹುಕಾಲ ಬೀಗ. ಸ್ಯಾಮ್‌ಸಂಗ್ ಕಂಪನಿ ಎರಡು ವರ್ಷ ದುರಸ್ತಿ ಮಾಡಿಸಿ 2018ರ ಸೆಪ್ಟೆಂಬರಿನಲ್ಲಿ ತನ್ನ ಫೋನು, ಟಿವಿಗಳನ್ನು ಮುಟ್ಟಿ ನೋಡುವ ಕೇಂದ್ರವಾಗಿ ತೆರೆಯಿತು. 33,000 ಚದರಡಿ ಜಾಗ. 'ನಾಟಕದ ಮನೆಯಲ್ಲಿ ಮೊಬೈಲ್ ಅಂಗಡಿನಾ?' ಅಂತ ಮೂಗು ಮುರಿದವರಿದ್ದರು, ನಾನೂ ಸ್ವಲ್ಪ ಮುರಿದೆ. ಆದರೆ ಇವತ್ತಿಗೆ ಲೆಕ್ಕ ಹಾಕಿದರೆ ಗೋಡೆ ಇದೆ, ಬಾಲ್ಕನಿ ಇದೆ. ಅಂಗಡಿ ನಾಳೆ ಖಾಲಿ ಮಾಡಿದರೂ ನಾಟಕ ವಾಪಸ್ ಬರೋಕೆ ಒಂದು ಮನೆ ಇರುತ್ತೆ. ಕಪಾಲಿಗೆ ಆ ಅವಕಾಶ ಇಲ್ಲ.

ಗೆಳೆಯನಿಗೆ ಇದನ್ನೂ ಹೇಳಿದೆ. 'ನಮ್ಮೂರಿಗೆ ಯಾವ ಸ್ಯಾಮ್‌ಸಂಗ್ ಬರುತ್ತೋ?' ಅಂದ. ಸರಿಯಾದ ಮಾತೇ.

ಮೀನು ಕರಿದ ವಾಸನೆ ಬರುವ ಗುಮ್ಮಟ

ಹಾಗಾದರೆ ಸಣ್ಣ ಊರಿನ ಉದಾಹರಣೆ ನೋಡೋಣ. ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ವಿಟ್ಲಿ ಬೇ ಅಂತ ಒಂದು ಊರು. ರಜೆಯಲ್ಲಿ ಜನ ಸಮುದ್ರ ನೋಡಲು ಬರುವ ಜಾಗ. ಅಲ್ಲಿ 1910ರಲ್ಲಿ 'ಸ್ಪ್ಯಾನಿಷ್ ಸಿಟಿ' ಅನ್ನೋ ಮನರಂಜನೆಯ ತಾಣ ಕಟ್ಟಿದರು. ಬಿಳೀ ಗುಮ್ಮಟ, ನೃತ್ಯದ ಹಾಲು, ಸುತ್ತ ತಿರುಗುವ ತೊಟ್ಟಿಲು, ಆಟದ ಅಂಗಡಿಗಳು. ನಮ್ಮ ಜಾತ್ರೆಯನ್ನು ಕಾಯಂ ಆಗಿ ಕಟ್ಟಿದ ಹಾಗೆ. ಜನ ವಿಮಾನ ಹತ್ತಿ ಸ್ಪೇನಿಗೇ ಹೋಗುವ ಕಾಲ ಬಂದಾಗ ಇಂಥ ಊರುಗಳೆಲ್ಲ ಸೊರಗಿದವು. 2000ದ ಹೊತ್ತಿಗೆ ಇದೂ ಮುಚ್ಚಿತು.

ಅದನ್ನು ಉಳಿಸಿದ್ದು ರಾಜರಲ್ಲ, ಫೋನ್ ಕಂಪನಿಯಲ್ಲ. ಅಲ್ಲಿನ ಸ್ಥಳೀಯ ಆಡಳಿತ, ಅಂದರೆ ನಮ್ಮ ಪುರಸಭೆಯಂಥದ್ದು, ಕೆಲಸ ಕೈಗೆತ್ತಿಕೊಂಡು 2018ರ ಜುಲೈನಲ್ಲಿ ತೆರೆಯಿತು. ಈಗ ಗುಮ್ಮಟದ ಕೆಳಗೆ ಮೀನು-ಚಿಪ್ಸ್ ಹೋಟೆಲಿದೆ, ಚಹಾದ ಕೋಣೆಯಿದೆ. ಮದುವೆ ಮಾಡಿಕೊಳ್ಳಲು ಬಾಡಿಗೆಗೂ ಕೊಡುತ್ತಾರೆ.

ಮದುವೆಗೆ ಬಾಡಿಗೆ! ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಕಡೆ ಹಳೇ ಟಾಕೀಸನ್ನು ಕಲ್ಯಾಣ ಮಂಟಪ ಮಾಡಿದರೆ 'ಛೇ, ಹಾಳು ಮಾಡಿದರು' ಅಂತೀವಿ. ಅಲ್ಲಿ ಅದನ್ನೇ ಪುನರುಜ್ಜೀವನ ಅಂತಾರೆ. ಹೆಸರಿನ ವ್ಯತ್ಯಾಸ ಬಿಡಿ, ಮಾಡುವ ರೀತಿಯಲ್ಲಿ ಒಂದು ವ್ಯತ್ಯಾಸ ಇದೆ. ಅಲ್ಲಿ ಗುಮ್ಮಟ, ಮುಂಭಾಗ, ಊರಿನ ನೆನಪಿಗೆ ಅಂಟಿದ್ದನ್ನೆಲ್ಲ ಇಟ್ಟುಕೊಂಡು ಒಳಗಿನ ಕೆಲಸ ಬದಲಾಯಿಸಿದ್ದಾರೆ. ನಾವು ಟಿಕೆಟ್ ಕಿಂಡಿ ಮುಚ್ಚಿ, ಮುಂಭಾಗಕ್ಕೆ ಅಲ್ಯುಮಿನಿಯಂ ಶೀಟು ಹೊಡೆದು, ಮೇಲೆ ಎಲ್‌ಇಡಿ ಬೋರ್ಡ್ ಹಾಕಿ, ಇಲ್ಲೊಂದು ಟಾಕೀಸ್ ಇತ್ತು ಅನ್ನೋದೇ ಗೊತ್ತಾಗದ ಹಾಗೆ ಮಾಡ್ತೀವಿ.

ಮೂರೂ ಕಟ್ಟಡಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಕಾಣೋದು ಇಷ್ಟು: 'ಇದನ್ನು ಹೇಗೆ ಉಳಿಸೋಣ?' ಅನ್ನೋ ಪ್ರಶ್ನೆಗಿಂತ 'ಮಂಗಳವಾರ ಮಧ್ಯಾಹ್ನ ಇದರ ದೀಪ ಯಾರು ಹಾಕ್ತಾರೆ?' ಅನ್ನೋ ಪ್ರಶ್ನೆ ಮೊದಲು ಬರಬೇಕು. ಉದ್ಘಾಟನೆಯ ದಿನ ಎಲ್ಲರೂ ಬರ್ತಾರೆ. ಮದುವೆ ಇಲ್ಲದ ಆಷಾಢದಲ್ಲಿ ಕರೆಂಟ್ ಬಿಲ್ ಯಾರು ಕಟ್ತಾರೆ ಅಂತ ಗೊತ್ತಿದ್ದರೆ ಗೋಡೆ ತಾನಾಗಿ ಉಳಿಯುತ್ತೆ.

ನೋಡೋರು ಇದ್ದಾರಾ?

ನಮ್ಮ ಕಡೆ ಜನ ಬರ್ತಾರಾ ಅನ್ನೋ ಅನುಮಾನ ಇದ್ದವರು ಅಜ್ಜಂಪುರದಿಂದ ಒಂದು ಬೈಕ್ ಸವಾರಿಯಷ್ಟು ದೂರದ ಸಾಣೇಹಳ್ಳಿಗೆ ನವೆಂಬರಿನಲ್ಲಿ ಹೋಗಿ ಬರಬೇಕು. ಹೊಸದುರ್ಗ ತಾಲ್ಲೂಕಿನ ಸಣ್ಣ ಹಳ್ಳಿ ಅದು. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿಯವರ ಮುತುವರ್ಜಿಯಲ್ಲಿ 1997ರಿಂದ 'ಶಿವಸಂಚಾರ' ತಂಡ ನಾಟಕಗಳನ್ನು ಹೊತ್ತು ರಾಜ್ಯ ಸುತ್ತುತ್ತಿದೆ. ಗ್ರೀಕ್ ಮಾದರಿಯ ಬಯಲು ರಂಗಮಂದಿರದಲ್ಲಿ ನಾಟಕೋತ್ಸವದ ರಾತ್ರಿ ಮೆಟ್ಟಿಲ ಮೇಲೆ ಕೂರುವವರಲ್ಲಿ ಸುತ್ತಲಿನ ಹಳ್ಳಿಗಳ ರೈತರು, ಹೆಂಗಸರು, ಮಕ್ಕಳು ಎಲ್ಲರೂ ಇರ್ತಾರೆ. ಆ ಕಡೆ ಸಾಗರದ ಹೆಗ್ಗೋಡಿಗೆ ಹೋದರೆ 1949ರಲ್ಲಿ ಹುಟ್ಟಿದ ನೀನಾಸಂ. 1972ರಲ್ಲಿ ಕಟ್ಟಿದ ಅದರ ಶಿವರಾಮ ಕಾರಂತ ರಂಗಮಂದಿರದಲ್ಲಿ ಹಳ್ಳಿಯವರು ನಾಟಕವನ್ನೂ ನೋಡಿದರು, ಜಗತ್ತಿನ ಸಿನಿಮಾವನ್ನೂ ನೋಡಿದರು.

ಇದು ಹೊಸದೂ ಅಲ್ಲ. ಬೆಂಗಳೂರು–ಹುಬ್ಬಳ್ಳಿ ರೈಲು ದಾರಿಯಲ್ಲಿ ಕಡೂರು, ಬೀರೂರು, ಅಜ್ಜಂಪುರ ಸಾಲಾಗಿವೆ. ಬೀರೂರಿನಿಂದ ಶಿವಮೊಗ್ಗಕ್ಕೆ ತಿರುಗಿದರೆ ತರೀಕೆರೆ. ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದ ಗುಬ್ಬಿ ಕಂಪನಿಯ ತವರು ಗುಬ್ಬಿ ಇರೋದೂ ಇದೇ ಹಳಿಯ ಮೇಲೆ. 1884ರಲ್ಲಿ ಹುಟ್ಟಿದ ಕಂಪನಿ. ನಾಟಕ ಕಂಪನಿ ಊರಿಗೆ ಬಂದರೆ ತಿಂಗಳುಗಟ್ಟಲೆ ತಗಡಿನ ಥಿಯೇಟರ್ ಹಾಕೋದು, ಆಮೇಲೆ ಟೂರಿಂಗ್ ಟಾಕೀಸಿನ ಡೇರೆ, ಆಮೇಲೆ ಕಾಯಂ ಟಾಕೀಸ್. ಊರು ಒಂದು ಕಡೆ ಸೇರುವ ಅಭ್ಯಾಸ ಬಟ್ಟೆ ಬದಲಾಯಿಸುತ್ತಾ ಬಂತು ಅಷ್ಟೇ. ನಮ್ಮ ಅಜ್ಜಿಯರ ಕಾಲದ ಹೆಂಗಸರಿಗೆ ದೇವಸ್ಥಾನ, ತವರುಮನೆ ಬಿಟ್ಟರೆ ಗಂಡಸರ ಅಪ್ಪಣೆ ಕಾಯದೆ ಒಟ್ಟಿಗೆ ಕೂತು ಅತ್ತು, ನಕ್ಕು ಬರಲು ಇದ್ದ ಜಾಗ ಟಾಕೀಸಿನ 'ಲೇಡೀಸ್' ಕಡೆಯ ಬೆಂಚು. ಆ ಬೆಂಚಿನ ಬಗ್ಗೆ ಯಾವ ಗೆಜೆಟಿಯರಿನಲ್ಲೂ ಬರೆದಿರಲ್ಲ.

ಹಾಗಾದರೆ ಏನು ಮಾಡಬಹುದು?

ಟಾಕೀಸ್ ಕಟ್ಟಡಗಳಿಗೆ ಒಂದು ಅನುಕೂಲ ಇದೆ. ನಡುವೆ ಕಂಬಗಳಿಲ್ಲದ ದೊಡ್ಡ ಹಾಲು, ಎತ್ತರದ ಚಾವಣಿ, ಇಳಿಜಾರು ನೆಲ, ಮುಂದೆ ಗಾಡಿ ನಿಲ್ಲಿಸುವ ಅಂಗಳ. ಇಷ್ಟು ಇಟ್ಟುಕೊಂಡು ಪರೀಕ್ಷೆಗೆ ಓದುವ ಹುಡುಗರಿಗೆ ಲೈಬ್ರರಿ, ವಾರಕ್ಕೊಂದು ಸಿನಿಮಾ, ಶಾಲೆಗಳ ವಾರ್ಷಿಕೋತ್ಸವ, ಷಟಲ್ ಕೋರ್ಟು, ಮದುವೆ – ಎಲ್ಲಾ ಮಾಡಬಹುದು. ಮುಂಭಾಗದ ಎರಡು ಮಳಿಗೆ ಬಾಡಿಗೆಗೆ ಕೊಟ್ಟರೆ ಕಂದಾಯ ಹುಟ್ಟುತ್ತೆ. ವರ್ಕ್ ಫ್ರಂ ಹೋಮ್ ಅಂತ ಊರಿಗೆ ಬಂದು, ಮನೆಯ ಹಾಲಿನಲ್ಲಿ ಕುಕ್ಕರ್ ಸೀಟಿಯ ನಡುವೆ ಮೀಟಿಂಗ್ ಮಾಡುವವರು ನಿಮ್ಮಲ್ಲೇ ಎಷ್ಟು ಜನ ಇದ್ದೀರಿ? ಫೈಬರ್ ಇಂಟರ್ನೆಟ್ ಇರುವ ಒಂದು ತಣ್ಣನೆಯ ಬಾಲ್ಕನಿಗೆ ದಿನಕ್ಕಿಷ್ಟು ಅಂತ ಕೊಡಲ್ವಾ?

ತೊಂದರೆಗಳೂ ಇವೆ. ಹಳೆಯ ಚಾವಣಿಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರಬಹುದು. ಅದನ್ನು ಸುತ್ತಿಗೆಯಲ್ಲಿ ಒಡೆದು ಇಳಿಸಿದರೆ ಏಳುವ ದೂಳು ಶ್ವಾಸಕೋಶಕ್ಕೆ ಅಪಾಯ, ತಿಳಿದವರಿಂದಲೇ ತೆಗೆಸಬೇಕು. ಗೋಡೆ ಸುಣ್ಣದ ಗಾರೆಯದ್ದಾಗಿದ್ದರೆ ಅದರ ಮೇಲೆ ಸಿಮೆಂಟ್ ಮೆತ್ತಬಾರದು. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತೆ, ಸಿಮೆಂಟ್ ಅದನ್ನು ಒಳಗೇ ಕಟ್ಟಿಹಾಕುತ್ತೆ, ಗೋಡೆ ಒಳಗಿಂದ ಕೊಳೆಯುತ್ತೆ. ತುರ್ತು ಬಾಗಿಲು, ಹೊಸ ವೈರಿಂಗ್, ಶೌಚಾಲಯ – ಇವಿಲ್ಲದೆ ಒಬ್ಬರನ್ನೂ ಒಳಗೆ ಬಿಡುವಂತಿಲ್ಲ, ಬಿಡಲೂಬಾರದು. ಬಳಕೆ ಬದಲಾಯಿಸಲು ಪುರಸಭೆಯ ಅನುಮತಿ ಬೇಕು. ಎಲ್ಲಕ್ಕಿಂತ ಕಷ್ಟ, ನಾಲ್ಕು ಪಾಲುದಾರರು ಒಂದು ಕಾಗದಕ್ಕೆ ಸಹಿ ಹಾಕೋದು. ಎಷ್ಟೋ ಟಾಕೀಸುಗಳು ಮಳೆಗಿಂತ ಹೆಚ್ಚಾಗಿ ವಿಭಾಗಪತ್ರದಿಂದ ಬಿದ್ದಿರುತ್ತವೆ.

ಒಂದು ಕೆಲಸಕ್ಕೆ ಮಾತ್ರ ದುಡ್ಡೂ ಬೇಡ, ಅನುಮತಿಯೂ ಬೇಡ. ಈ ಸಲ ಊರಿಗೆ ಹೋದಾಗ ಮಾಲೀಕರನ್ನು ಕೇಳಿ ಒಳಗೆ ಹೋಗಿ, ಕೈಯಲ್ಲಿರೋ ಇದೇ ಫೋನಿನಲ್ಲಿ ಫೋಟೋ ತೆಗೆಯಿರಿ. ಟಿಕೆಟ್ ಕಿಂಡಿ, ಗೋಡೆ ಮೇಲೆ ಬರೆದ ದರದ ಪಟ್ಟಿ, ಪ್ರೊಜೆಕ್ಟರ್ ಕೋಣೆಯ ಚೌಕದ ತೂತು, ಮುರಿದ ಕುರ್ಚಿಯ ನಂಬರು. ಮನೆಯ ಹಳೇ ಆಲ್ಬಮ್ಮಿನಲ್ಲಿ ಮದುವೆ ಮೆರವಣಿಗೆಯ ಹಿಂದೆ ಟಾಕೀಸ್ ಕಂಡರೆ ಅದನ್ನೂ ಸ್ಕ್ಯಾನ್ ಮಾಡಿ. ಗೇಟ್ ಕೀಪರ್, ಆಪರೇಟರ್ ಇನ್ನೂ ಇದ್ದರೆ ಅವರ ಮಾತು ರೆಕಾರ್ಡ್ ಮಾಡಿಕೊಳ್ಳಿ.

ಗೆಳೆಯ ಮೊನ್ನೆ ಮೆಸೇಜ್ ಮಾಡಿದ್ದ. ಬಿಲ್ಡರಿಗೆ 'ದೀಪಾವಳಿ ಆದ್ಮೇಲೆ ಹೇಳ್ತೀವಿ' ಅಂದಿದ್ದಾರಂತೆ. ಅತ್ತೆ ಮಾತ್ರ ಕೆಡವೋಕೆ ಒಪ್ಪಿಲ್ಲ. ಮುಂಭಾಗ ಉಳಿಸಿಕೊಂಡರೆ ಎಷ್ಟು ಖರ್ಚು ಬೀಳುತ್ತೆ ಅಂತ ಶಿವಮೊಗ್ಗದ ಇಂಜಿನಿಯರ್ ಒಬ್ಬರು ಬಂದು ಅಳತೆ ತಗೊಂಡು ಹೋಗಿದ್ದಾರೆ. ಮಳೆಗೆ ಮೊದಲು ಬಾಲ್ಕನಿ ಮೇಲೆ ಟಾರ್ಪಾಲ್ ಹೊದಿಸಿದ್ದಾಯಿತು. ಪ್ರೊಜೆಕ್ಟರ್ ಎಲ್ಲಿ ಅಂತ ಕೇಳಿದೆ. ಅದು ಹೋದ ವರ್ಷವೇ ಗುಜರಿಗೆ ಹೋಯಿತು, ಕೆಜಿ ಲೆಕ್ಕದಲ್ಲಿ.